ಕಾಡಿನವನ ಮಾತು, ನೋಡುವವನ ಕಣ್ಣು

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ ಸೀಮೆಯ ಮರಳು ಹಳ್ಳಗಳಲ್ಲಿ ಚಳಿಗಾಲದ ಮಳೆ ಬಿದ್ದ ಮೇಲೆ ಒಂದು ಗಿಡ ತಲೆ ಎತ್ತುತ್ತದೆ. ಎಲೆ ದಪ್ಪ, ರಸಭರಿತ, ಅಂಚೆಲ್ಲ ಅಲೆಅಲೆ. ಕಾಂಡಕ್ಕೆ ಕೆಂಪು ಛಾಯೆ, ಎತ್ತರ ಬಹಳವೆಂದರೆ ಸೊಂಟದ ಮಟ್ಟ. ವಸಂತದಲ್ಲಿ ಕಾಂಡದ ತುದಿ ತುಂಬ ಗುಲಾಬಿ ಬಣ್ಣದ ಕಾಯಿಗೊಂಚಲು. ಬಿಸಿಲು ಕಾಯತೊಡಗಿದರೆ ಎಲೆ, ಕಾಂಡ ಎಲ್ಲವೂ ಒಣಗಿ ಗಾಳಿಪಾಲಾಗುತ್ತವೆ. ಮರಳಿನ ಅಡಿಯಲ್ಲಿ ಗೆಣಸಿನಂಥ ಗೆಡ್ಡೆಗಳು ಮಾತ್ರ ಮುಂದಿನ ಮಳೆಯವರೆಗೆ ಕಾಯುತ್ತ ಕೂತಿರುತ್ತವೆ. ಸ್ಪ್ಯಾನಿಷ್ ಮಾತಾಡುವವರು ಇದರ ಕಾಂಡದ ರುಚಿ ನೋಡಿ ‘ಹುಳಿ ಜಲ್ಲೆ’ ಎಂಬ ಅರ್ಥದ ಹೆಸರಿಟ್ಟರು. ಅದು ಸವೆದು ‘ಕನೈಗ್ರೆ’ ಆಯಿತು. ಸಸ್ಯಶಾಸ್ತ್ರಜ್ಞ ಜಾನ್ ಟೋರಿ 1859ರಲ್ಲಿ ರುಮೆಕ್ಸ್ ಹೈಮೆನೊಸೆಪಾಲಸ್ ಎಂದು ಕರೆದ. ಪೊರೆಯಂಥ ಪುಷ್ಪಪತ್ರ ಉಳ್ಳದ್ದು ಎಂದು ಅದರ ಅರ್ಥ. ಈಗ ಒಬ್ಬ ಆ ಗಿಡದ ಮುಂದೆ ಬಗ್ಗಿ ನಿಂತು ‘ಇದು ಕನೈಗ್ರೆ’ ಎನ್ನುತ್ತಾನೆ ಎಂದುಕೊಳ್ಳೋಣ. ಎರಡೇ ಪದದ ಮಾತು. ಆದರೆ ಆ ಕ್ಷಣದಲ್ಲಿ ಅವನು ತಿಳಿದದ್ದು ಏನನ್ನು? ಗಿಡವನ್ನು ಅವನು ಒಂದು ಗಳಿಗೆಯ ಹಿಂದೆಯೇ ಕಂಡಿದ್ದ. ಹೆಸರನ್ನು ಮೊದಲೇ ಕೇಳಿದ್ದ. ಹೊಸದಾಗಿ ಹುಟ್ಟಿದ ತಿಳಿವು ಯಾವುದು, ಅದರ ಜವಾಬ್ದಾರಿ ಯಾರದು? ಇದು ಸಸ್ಯಶಾಸ್ತ್ರದ ಪ್ರಶ್ನೆಯಂತೆ ಕಂಡರೂ ನಮ್ಮ ದರ್ಶನಗಳು ಶತಮಾನಗಟ್ಟಲೆ ಜಗಳವಾಡಿದ ಪ್ರಶ್ನೆ.

ಆ ಗಿಡವನ್ನು ಕಾಣದ ಕನ್ನಡ ಓದುಗರಿಗೆ ಅದನ್ನು ಹೇಳುವ ಒಂದು ಸುಲಭದ ದಾರಿಯಿದೆ. ಆಂಧ್ರ, ತೆಲಂಗಾಣದ ಗಡಿಯ ಸಂತೆಗಳಲ್ಲಿ ಸಿಕ್ಕುವ ಚುಕ್ಕೆ ಸೊಪ್ಪು, ತೆಲುಗಿನ ಚುಕ್ಕಕೂರ, ಬೇಳೆಗೆ ಹಾಕಿದರೆ ಹುಣಸೆಹಣ್ಣು ಬೇಡವೆನಿಸುವ ಆ ಹುಳಿ ಸೊಪ್ಪು ಇದೇ ರುಮೆಕ್ಸ್ ಕುಲದ್ದು. ಚುಕ್ಕೆ ಗಿಡವನ್ನು ಕೊಯ್ಯದೆ ಬಿಟ್ಟರೆ ತೆಳು ಕಾಗದದ ಬುಡ್ಡೆಯಂಥ, ಗುಲಾಬಿ ಗೆರೆಯ ಕಾಯಿ ಬಿಡುತ್ತದೆ. ಚುಕ್ಕೆ ಹೇಗೋ ಕನೈಗ್ರೆ ಹಾಗೆ. ಆದರೆ ಗಿಡ ದೊಡ್ಡದು, ಬೇರಿನಲ್ಲಿ ಗೆಡ್ಡೆ. ಇಷ್ಟು ಕೇಳಿದವರು ನಾಳೆ ಅರಿಜೋನಾದ ಹಳ್ಳವೊಂದರಲ್ಲಿ ನಿಂತರೆ ಗುರುತು ಹಿಡಿಯುವ ಅರ್ಧ ದಾರಿಯಲ್ಲಿ ಇರುತ್ತಾರೆ. ಗೌತಮನ ನ್ಯಾಯಸೂತ್ರ ಇದಕ್ಕೆ ಉಪಮಾನ ಎಂದು ಹೆಸರಿಟ್ಟು, ಪ್ರತ್ಯಕ್ಷ, ಅನುಮಾನ, ಶಬ್ದಗಳ ಜೊತೆಗೆ ಪ್ರಮಾಣದ, ಎಂದರೆ ಸರಿಯಾದ ಅರಿವಿನ ಸಾಧನದ, ಸ್ಥಾನ ಕೊಟ್ಟಿತು. ಹಸುವಿನಂತೆ ಇರುವುದು ಗವಯ ಎಂದು ಕಾಡಿನವನಿಂದ ಕೇಳಿದ ಪೇಟೆಯವನು ಕಾಡಿನಲ್ಲಿ ಅಂಥ ಪ್ರಾಣಿಯನ್ನು ಕಂಡು ಇದೇ ಗವಯ ಎಂದು ಅರಿಯುವ ಉದಾಹರಣೆ ಎಲ್ಲರಿಗೂ ಗೊತ್ತು. ಆದರೆ ಭಾಷ್ಯಕಾರ ವಾತ್ಸ್ಯಾಯನ ಅಷ್ಟಕ್ಕೇ ನಿಲ್ಲುವುದಿಲ್ಲ. ಹೆಸರುಕಾಳಿನ ಗಿಡದಂತೆ ಇರುವುದು ಮುದ್ಗಪರ್ಣಿ, ಉದ್ದಿನ ಗಿಡದಂತೆ ಇರುವುದು ಮಾಷಪರ್ಣಿ ಎಂದು ಕೇಳಿ ತಿಳಿದವನು ಆ ಮೂಲಿಕೆಯನ್ನು ಗುರುತಿಸಿ ಔಷಧಕ್ಕಾಗಿ ತರುತ್ತಾನೆ ಎನ್ನುತ್ತಾನೆ. ಗುರುತಿಸುವುದರ ತತ್ತ್ವ ಚರ್ಚೆಯಾಗುವಲ್ಲೇ ಗಿಡಮೂಲಿಕೆ ಬಂದದ್ದು ಆಕಸ್ಮಿಕವಲ್ಲ. ಗವಯವನ್ನು ತಪ್ಪಾಗಿ ಗುರುತಿಸಿದರೆ ನಗೆಪಾಟಲು, ಅಷ್ಟೆ. ಮೂಲಿಕೆಯನ್ನು ತಪ್ಪಾಗಿ ಗುರುತಿಸಿದರೆ ಯಾರದೋ ಹೊಟ್ಟೆಗೆ ಯಾವುದೋ ಬೇರು ಹೋಗುತ್ತದೆ.

ಹೋಲಿಕೆ ಇಷ್ಟು ದೊಡ್ಡ ಭಾರ ಹೊರಬಲ್ಲುದೇ ಎಂಬ ಆಕ್ಷೇಪವನ್ನು ನ್ಯಾಯಸೂತ್ರವೇ ಎರಡನೆಯ ಅಧ್ಯಾಯದಲ್ಲಿ ಎತ್ತುತ್ತದೆ. ಪೂರ್ತಿ ಹೋಲಿದರೆ ಎರಡೂ ಒಂದೇ. ಹಸು ಹಸುವಿನಂತೆ ಎಂದ ಹಾಗೆ. ಬಹಳ ಮಟ್ಟಿಗೆ ಹೋಲಿದರೆ ಎತ್ತು ಎಮ್ಮೆಯಂತೆ ಎಂದೂ ಹೇಳಬಹುದು. ಅಲ್ಪಸ್ವಲ್ಪ ಹೋಲಿದರೆ ಸಾಕೆಂದರೆ ಸಾಸಿವೆಗೂ ಮೇರು ಪರ್ವತಕ್ಕೂ ಹೋಲಿಕೆ ಉಂಟು, ಎರಡೂ ವಸ್ತುಗಳೇ ತಾನೆ! ಸೂತ್ರಕಾರನ ಉತ್ತರ ಚಿಕ್ಕದು: ಹೋಲಿಕೆ ಎಷ್ಟೆಂಬುದು ಮುಖ್ಯವಲ್ಲ, ಅದು ಪ್ರಸಿದ್ಧವಾಗಿರಬೇಕು. ಎಂದರೆ, ಚೆನ್ನಾಗಿ ಅರಿತದ್ದಾಗಿರಬೇಕು. ಮೊದಲ ನೋಟಕ್ಕೆ ಇದು ಜಾರಿಕೊಳ್ಳುವ ಉತ್ತರ. ಚೆನ್ನಾಗಿ ಅರಿತದ್ದು ಎಂದರೆ ಯಾರಿಗೆ, ಯಾವ ಕೆಲಸಕ್ಕೆ? ಆದರೆ ಇದೇ ಪ್ರಶ್ನೆ ನಮ್ಮನ್ನು ಸರಿಯಾದ ಜಾಗಕ್ಕೆ ಒಯ್ಯುತ್ತದೆ ಎಂಬುದು ನನ್ನ ವಾದ. ಗುರುತಿಸುವಿಕೆ ಗಿಡಕ್ಕೂ ಕಣ್ಣಿಗೂ ನಡುವಿನ ವ್ಯವಹಾರ ಮಾತ್ರವಲ್ಲ. ಹೇಳಿದವನ ಅರಿವು, ಕೇಳಿದವನ ನೋಟ ಎರಡೂ ಒಂದೇ ಬಿಂದುವಿನಲ್ಲಿ ಕೂಡುವ ಅಪರೂಪದ ಜ್ಞಾನ ಅದು. ಎರಡರಲ್ಲಿ ಒಂದು ಸಡಿಲವಾದರೂ ಉಳಿಯುವುದು ಬರೀ ಹೆಸರು.

ನಮ್ಮ ಮರಳುಗಿಡದ ಕುಲಕ್ಕೆ ಜನ ಕೊಟ್ಟ ಹೆಸರುಗಳನ್ನೇ ಪರೀಕ್ಷೆಗೆ ತೆಗೆದುಕೊಳ್ಳಬಹುದು. ಕನೈಗ್ರೆಗೆ ಇಂಗ್ಲಿಷಿನಲ್ಲಿ ಕಾಡು ರುಬಾರ್ಬ್ ಎಂಬ ಹೆಸರಿದೆ. ರುಬಾರ್ಬ್ ಎಂದರೆ ನಮ್ಮ ಗ್ರಂಥಿಗೆ ಅಂಗಡಿಯ ರೇವಲ್‌ಚಿನ್ನಿಯ ಬಳಗ. ಈ ಹೋಲಿಕೆ ಗಟ್ಟಿ. ಎರಡೂ ಒಂದೇ ಕುಟುಂಬದವು. ಎರಡರಲ್ಲೂ ಎಲೆ ಕಾಂಡಕ್ಕೆ ಸೇರುವ ಗೆಣ್ಣಿನಲ್ಲಿ ಕಾಂಡವನ್ನು ಬಳಸಿದ ತೆಳು ಪೊರೆ ಇರುತ್ತದೆ, ಎರಡರ ಹುಳಿಗೂ ಆಕ್ಸಾಲಿಕ್ ಆಮ್ಲ ಕಾರಣ. ಇದೇ ಕುಲದ ಇನ್ನೊಂದು ಮರಳುಗಿಡ ರುಮೆಕ್ಸ್ ವೆನೋಸಸ್. ಅದರ ಕೆಂಪು ಕಾಯಿಗೊಂಚಲು ದೂರದಿಂದ ಹೂವಿನ ಹಾಗೆ ಕಾಣುವುದರಿಂದ ಕಾಡು ಬಿಗೋನಿಯ ಎಂದು ಕರೆದರು. ಬಿಗೋನಿಯಕ್ಕೂ ಅದಕ್ಕೂ ಸಂಬಂಧವಿಲ್ಲ. ಕಣ್ಣು ಕಂಡದ್ದನ್ನು ಬಾಯಿ ಆಡಿತು, ಯಾರಿಗೂ ನಷ್ಟವಾಗಲಿಲ್ಲ. ಮೂರನೆಯದು ಹಾಗಲ್ಲ. 1970ರ ದಶಕದಲ್ಲಿ ಅಮೆರಿಕದ ಮೂಲಿಕೆ ವ್ಯಾಪಾರದಲ್ಲಿ ಕನೈಗ್ರೆಯ ಗೆಡ್ಡೆಯನ್ನು ಕೆಂಪು ಅಮೆರಿಕನ್ ಜಿನ್ಸೆಂಗ್ ಎಂದು ಮಾರಿದರು. ಜಿನ್ಸೆಂಗ್ ಬೇರೆಯೇ ಕುಟುಂಬದ್ದು, ಅದರ ಗುಣದ ಅಂಶ ಇದರಲ್ಲಿಲ್ಲ. ಇದರಲ್ಲಿ ಇರುವುದು ತೊಗಲು ಹದ ಮಾಡಲು ಬಳಸುವ ಟ್ಯಾನಿನ್, ಒಣಗಿದ ಗೆಡ್ಡೆಯ ತೂಕದಲ್ಲಿ ಕಾಲು ಭಾಗದಷ್ಟೂ ಇರಬಲ್ಲದು. ಚರ್ಮ ಹದ ಮಾಡುವ ವಸ್ತುವನ್ನು ಶಕ್ತಿವರ್ಧಕವೆಂದು ಜನ ನುಂಗಿದರು. ಮೂರೂ ಹೆಸರು ಹೋಲಿಕೆಯಿಂದಲೇ ಹುಟ್ಟಿದವು. ಮೊದಲನೆಯದರಲ್ಲಿ ಅರಿವಿತ್ತು, ಎರಡನೆಯದರಲ್ಲಿ ಅರಿವಿಲ್ಲದಿದ್ದರೂ ಕಪಟವಿರಲಿಲ್ಲ, ಮೂರನೆಯದರಲ್ಲಿ ಲಾಭವಿತ್ತು. ಹೋಲಿಕೆಯನ್ನು ಮಾತ್ರ ತೂಗಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಹೇಳಿದವನನ್ನೂ ತೂಗಬೇಕು.

ಹೇಳುವವನನ್ನು ತೂಗುವ ತಕ್ಕಡಿಯೂ ವಾತ್ಸ್ಯಾಯನನಲ್ಲಿಯೇ ಇದೆ. ಆಪ್ತ ಎಂಬ ಪದ ಇಂದಿನ ಕನ್ನಡದಲ್ಲಿ ನಮಗೆ ಹತ್ತಿರದವನು ಎಂದಾಗಿದೆ. ನ್ಯಾಯದಲ್ಲಿ ಆಪ್ತನೆಂದರೆ ವಸ್ತುವಿಗೆ ಹತ್ತಿರದವನು. ಅದನ್ನು ಸ್ವತಃ ಕಂಡು ಅರಿತವನು, ಕಂಡದ್ದನ್ನು ಕಂಡ ಹಾಗೆ ಹೇಳಬೇಕೆಂಬ ಮನಸ್ಸುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಆತ ಸ್ಪಷ್ಟವಾಗಿ ಹೇಳಿದ್ದಾನೆ. ವೇದದ ಪ್ರಾಮಾಣ್ಯವನ್ನು ಎತ್ತಿಹಿಡಿಯುವ ಶಾಸ್ತ್ರವೊಂದು ಇಷ್ಟು ದೂರ ಬಂದದ್ದು ಸಣ್ಣ ಮಾತಲ್ಲ. ಚರಕಸಂಹಿತೆಯ ಮೊದಲ ಅಧ್ಯಾಯವೂ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳುತ್ತದೆ: ಮೂಲಿಕೆಗಳ ಹೆಸರು, ರೂಪ ಬಲ್ಲವರು ಆಡು ಕುರಿ ಕಾಯುವವರು, ದನಗಾಹಿಗಳು, ಕಾಡಿನಲ್ಲಿ ಬಾಳುವವರು. ಕನೈಗ್ರೆಯ ವಿಷಯಕ್ಕೆ ಬಂದರೆ, ಅದರ ಗೆಡ್ಡೆಯಿಂದ ಉಣ್ಣೆಗೆ ಹಳದಿ, ಕಿತ್ತಳೆ, ಕಂದು ಛಾಯೆಗಳನ್ನು ತೆಗೆಯುವ ನವಾಹೊ ನೇಕಾರರು ಈ ಅರ್ಥದಲ್ಲಿ ಆಪ್ತರು. ಟೋರಿ ಹೆಸರಿಡುವ ಮೊದಲೇ ಆ ಸೀಮೆಯ ಮೂಲನಿವಾಸಿಗಳಿಗೆ ಗಿಡ ಗೊತ್ತಿತ್ತು. ಒಡೆದ ಗೆಡ್ಡೆಯ ಒಳಗಿನ ಹಳದಿ ಅವರ ಕೈಗೆ ಅಂಟಿದ ಗುರುತು. ತಪ್ಪು ಗೆಡ್ಡೆ ಅಗೆದರೆ ಉಣ್ಣೆಗೆ ಬಣ್ಣ ಹಿಡಿಯುವುದಿಲ್ಲ. ಹೀಗೆ ತಪ್ಪನ್ನು ಕೆಲಸವೇ ತೋರಿಸಿಕೊಡುವಲ್ಲಿ ಮಾತಿಗೆ ತೂಕ ಬರುತ್ತದೆ. ಜಿನ್ಸೆಂಗ್ ಎಂದು ಮಾರಿದವನ ಮಾತಿಗೆ ಅಂಥ ಯಾವ ಅಂಕುಶವೂ ಇರಲಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಹಾಗಿದ್ದರೆ ಗುರುತಿಸುವಿಕೆಯೆಂಬ ಬೇರೆ ಪ್ರಮಾಣವೇಕೆ? ಕಾಡಿನವನ ಮಾತು ಶಬ್ದಪ್ರಮಾಣ, ಗಿಡ ಕಂಡದ್ದು ಪ್ರತ್ಯಕ್ಷ, ಕೆಲಸ ಮುಗಿಯಿತು. ವೈಶೇಷಿಕದ ಪ್ರಶಸ್ತಪಾದ ಉಪಮಾನವನ್ನು ಆಪ್ತವಚನದೊಳಗೇ ಸೇರಿಸಿದ. ಬೌದ್ಧ ದಿಙ್ನಾಗ ಅದಕ್ಕೆ ಪ್ರತ್ಯೇಕ ಸ್ಥಾನ ಕೊಡಲಿಲ್ಲ. ನೈಯಾಯಿಕನೇ ಆದ ಭಾಸರ್ವಜ್ಞ ಕೂಡ ಮೂರೇ ಪ್ರಮಾಣ ಸಾಕೆಂದ. ಉದಯನ ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಸರಿ ಕಾಣುತ್ತದೆ. ಉಪಮಾನದಿಂದ ತಿಳಿಯುವುದು ಈ ಹೆಸರು ಈ ಬಗೆಯ ವಸ್ತುವಿಗೆ ಸಲ್ಲುತ್ತದೆ ಎಂಬ ಸಂಬಂಧ. ಮಾತು ಕೇಳುವಾಗ ವಸ್ತು ಎದುರಿಗಿರಲಿಲ್ಲ, ಆದ್ದರಿಂದ ಮಾತೊಂದರಿಂದಲೇ ಸಂಬಂಧ ತಿಳಿಯದು. ವಸ್ತುವನ್ನು ಕಾಣುವಾಗ ಅದರ ಮೈಮೇಲೆ ಹೆಸರು ಬರೆದಿರುವುದಿಲ್ಲ, ಆದ್ದರಿಂದ ನೋಟವೊಂದರಿಂದಲೂ ತಿಳಿಯದು. ನೆನಪಿನಲ್ಲಿದ್ದ ಮಾತು ಕಣ್ಣೆದುರಿನ ರೂಪಕ್ಕೆ ತಗಲಿದಾಗ ಮಾತ್ರ ಆ ಸಂಬಂಧ ಬೆಳಗುತ್ತದೆ. ಪ್ರಮಾಣಗಳ ಲೆಕ್ಕ ಮೂರೋ ನಾಲ್ಕೋ ಎಂಬ ಜಗಳವನ್ನು ಬೇಕಾದರೆ ಬದಿಗಿಡೋಣ. ಕೇಳಿದ್ದು, ಕಂಡದ್ದು ಎರಡನ್ನೂ ಬೇರೆಬೇರೆಯಾಗಿ ಎಷ್ಟು ಕೂಡಿಹಾಕಿದರೂ ಗುರುತು ತಾನಾಗಿ ಹುಟ್ಟುವುದಿಲ್ಲ, ಅವು ಸೇರುವ ಜಾಗದಲ್ಲಿ ನೋಡುವವನು ತಾನೇ ಒಂದು ನಿರ್ಣಯ ಮಾಡಬೇಕು ಎಂಬುದಂತೂ ಉಳಿಯುತ್ತದೆ. ಆ ನಿರ್ಣಯವನ್ನು ಅವನ ಪರವಾಗಿ ಬೇರೆಯವರು ಮಾಡಲಾರರು. ಅದರ ತಪ್ಪಿಗೂ ಅವನೇ ಬಾಧ್ಯ.

ಆದರೆ ಉಪಮಾನವನ್ನು ಸಾದೃಶ್ಯಕ್ಕೇ ಕಟ್ಟಿಹಾಕಿದರೆ ಗಿಡಗಳ ಲೋಕದಲ್ಲಿ ನಾವು ಸೋಲುತ್ತೇವೆ. ಹೋಲಿಕೆ ಬಾಗಿಲವರೆಗೆ ಕರೆತರುತ್ತದೆ, ಒಳಕ್ಕೆ ಬಿಡುವುದು ವ್ಯತ್ಯಾಸ. ಇದು ಹಿಂದಿನವರಿಗೂ ಹೊಳೆದಿತ್ತು. ವಾಚಸ್ಪತಿ ಮಿಶ್ರ ಒಂಟೆಯ ಉದಾಹರಣೆ ತರುತ್ತಾನೆ. ಉತ್ತರದವನೊಬ್ಬ ಒಂಟೆಯನ್ನು ಹಳಿಯುತ್ತಾನೆ: ಸೊಟ್ಟ ಉದ್ದ ಕತ್ತು, ಜೋಲುತುಟಿ, ಮುಳ್ಳು ತಿನ್ನುವ ಪ್ರಾಣಿ. ಒಂಟೆಯನ್ನೇ ಕಾಣದ ದಕ್ಷಿಣದವನು ಮುಂದೆ ಉತ್ತರಕ್ಕೆ ಹೋಗಿ ಅದನ್ನು ಕಂಡು ಗುರುತಿಸುತ್ತಾನೆ. ಅಲ್ಲಿ ಗುರುತು ಹಿಡಿಸಿದ್ದು ಬೇರೆ ಪ್ರಾಣಿಗಳಂತೆ ಇಲ್ಲದಿರುವುದು. ಕನೈಗ್ರೆಯನ್ನು ಗುರುತಿಸುವವನೂ ಹೀಗೆಯೇ ನೋಡಬೇಕು. ಅಲೆಅಂಚಿನ ಎಲೆ ಎಂಬ ಒಂದೇ ಲಕ್ಷಣ ಹಿಡಿದರೆ, ಯುರೋಪಿನಿಂದ ಬಂದು ಅಮೆರಿಕದ ತುಂಬ ಹರಡಿರುವ ರುಮೆಕ್ಸ್ ಕ್ರಿಸ್ಪಸ್‌ಗೂ ಅಂಥದೇ ಎಲೆ. ಆಗ ಒಂದು ಕಾಯಿಯನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಈ ಕುಲದ ಹೂವಿನಲ್ಲಿ ಎಸಳಿನಂಥ ಆರು ಭಾಗಗಳು. ಒಳಗಿನ ಮೂರು ಬೆಳೆದು, ಕಂದು ಬಣ್ಣದ ಮುಮ್ಮೂಲೆ ಬೀಜವನ್ನು ಮೂರು ರೆಕ್ಕೆಗಳಾಗಿ ಅಪ್ಪಿಕೊಳ್ಳುತ್ತವೆ. ಕ್ರಿಸ್ಪಸ್‌ನಲ್ಲಿ ಆ ರೆಕ್ಕೆ ಅರ್ಧ ಸೆಂಟಿಮೀಟರಿನ ಆಸುಪಾಸು, ನಡುವೆ ಅಕ್ಕಿಕಾಳಿನಂಥ ಒಂದು ಉಬ್ಬು. ಕನೈಗ್ರೆಯಲ್ಲಿ ರೆಕ್ಕೆ ಒಂದರಿಂದ ಒಂದೂವರೆ ಸೆಂಟಿಮೀಟರು, ಉಬ್ಬು ಇಲ್ಲ, ಬರೀ ಪೊರೆ. ವೆನೋಸಸ್‌ನಲ್ಲಿ ರೆಕ್ಕೆ ಇನ್ನೂ ಅಗಲ, ಎರಡು ಸೆಂಟಿಮೀಟರು ಮೀರುತ್ತದೆ, ಆದರೆ ಅದು ಗಿಡ್ಡ ಗಿಡ, ಎಲೆಯಂಚು ಹೆಚ್ಚು ಅಲೆಯಿಲ್ಲದ್ದು. ಮರಳು ಕೆದಕಿದರೆ ಗೆಡ್ಡೆಯ ಬದಲು ಹರಿದಾಡುವ ಬೇರುಕಾಂಡ ಸಿಗುತ್ತದೆ. ಎಲೆ ಮುಚ್ಚಿಟ್ಟದ್ದನ್ನು ಕಾಯಿ ಹೇಳುತ್ತದೆ, ಕಾಯಿಯಲ್ಲಿ ಉಳಿದ ಸಂಶಯವನ್ನು ಬೇರು ತೀರಿಸುತ್ತದೆ.

ಹಾಗಾದರೆ ಗುರುತೆಂದರೆ ಬೇರೆಯದನ್ನು ತಳ್ಳಿಹಾಕುವುದಷ್ಟೇ ಎನ್ನಬಹುದಲ್ಲ? ಇದು ದಿಙ್ನಾಗನ ಅಪೋಹವಾದ. ಹಸು ಎಂಬ ಪದ ಹಸುತನವೆಂಬ ಯಾವ ಸಾಮಾನ್ಯವನ್ನೂ ಹೇಳುವುದಿಲ್ಲ, ಹಸುವಲ್ಲದ್ದನ್ನು ಹೊರಗಿಡುತ್ತದೆ, ಅಷ್ಟೆ. ಸಸ್ಯಶಾಸ್ತ್ರದ ಗುರುತುಸೂಚಿಯನ್ನು ತೆರೆದವರಿಗೆ ಈ ವಾದದ ಬಲ ತಕ್ಷಣ ತಿಳಿಯುತ್ತದೆ. ಉಬ್ಬು ಇದೆಯೇ, ಇಲ್ಲವೇ, ಗೆಡ್ಡೆಯೇ, ಬೇರುಕಾಂಡವೇ, ಪ್ರತಿ ಹೆಜ್ಜೆಯಲ್ಲೂ ಒಂದು ಗುಂಪನ್ನು ಹೊರಗೆ ಕಳಿಸುತ್ತ ಕೊನೆಗೆ ಉಳಿದದ್ದಕ್ಕೆ ಹೆಸರು. ಅಪೋಹಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ಸಿಗದು. ಆದರೆ ಕುಮಾರಿಲ ಭಟ್ಟ ಎತ್ತಿದ ತೊಡಕು ಇಲ್ಲಿಯೂ ಬಿಡುವುದಿಲ್ಲ. ಹಸುವಲ್ಲದ್ದನ್ನು ತಿಳಿಯಲು ಹಸು ಮೊದಲೇ ಗೊತ್ತಿರಬೇಡವೇ? ಗುರುತುಸೂಚಿ ಬರೆದವರು ಆ ಗಿಡಗಳನ್ನು ಮೊದಲೇ ಬೇರೆಬೇರೆಯಾಗಿ ಕಂಡಿದ್ದರು. ಕಂಡ ಮೇಲೆ ತಳ್ಳುವ ಕ್ರಮ ಕಟ್ಟಿದರು. ಇನ್ನೂ ಒಂದು ಅಪಾಯವಿದೆ. ಕೈಯಲ್ಲಿರುವ ಗಿಡ ಆ ಪುಸ್ತಕದಲ್ಲೇ ಇಲ್ಲದಿದ್ದರೂ ಗುರುತುಸೂಚಿ ಸುಮ್ಮನಿರುವುದಿಲ್ಲ, ಇರುವುದರಲ್ಲೇ ಒಂದು ಹೆಸರು ಕೊಟ್ಟುಬಿಡುತ್ತದೆ. ಅದಕ್ಕೇ ಎಚ್ಚರದ ಸಸ್ಯಶಾಸ್ತ್ರಜ್ಞ ಹೆಸರು ಸಿಕ್ಕ ಮೇಲೆ ಪುಸ್ತಕ ಮುಚ್ಚುವುದಿಲ್ಲ. ಆ ಹೆಸರಿನ ಪೂರ್ತಿ ವರ್ಣನೆ ಓದಿ, ಒಣಗಿಸಿಟ್ಟ ಮಾದರಿ ತೆಗೆಸಿ, ಗಿಡದ ಪಕ್ಕ ಇಟ್ಟು ನೋಡುತ್ತಾನೆ. ತಳ್ಳುತ್ತ ಬಂದವನು ಕೊನೆಯಲ್ಲಿ ಹೋಲಿಕೆಗೇ ಮರಳಬೇಕು. ಬೌದ್ಧನಿಂದ ದಾರಿ, ನೈಯಾಯಿಕನಿಂದ ನಿಲ್ದಾಣ ಎಂದರೆ ಇಬ್ಬರಿಗೂ ಅನ್ಯಾಯವಾಗದು.

ಹೆಸರುಗಳು ಮನುಷ್ಯರ ಒಪ್ಪಂದ ತಾನೆ, ಟೋರಿ ಬೇರೆ ಪದ ಇಟ್ಟಿದ್ದರೆ ಅದೇ ಇರುತ್ತಿತ್ತು, ಇದರಲ್ಲಿ ಸತ್ಯಾಸತ್ಯದ ಮಾತೇನು ಎಂದು ಇನ್ನು ಕೆಲವರು ಕೇಳಬಹುದು. ಪದ ಒಪ್ಪಂದವೇ, ಸರಿ. ಆದರೆ ಒಪ್ಪಂದ ಆದ ಮೇಲೆ ಅದನ್ನು ಕಾಯುವುದು, ಮುರಿಯುವುದು ಎರಡೂ ಸಾಧ್ಯ. ಮುರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಆಯುರ್ವೇದದಲ್ಲೇ ಸಾಕ್ಷಿಯಿದೆ. ಪ್ರಾಚೀನ ಗ್ರಂಥಗಳು ಹೊಗಳುವ ಅಮ್ಲವೇತಸ ಎಂಬ ಹುಳಿಮದ್ದು ಯಾವುದು ಎಂದು ಇಂದು ಒಮ್ಮತವಿಲ್ಲ. ಪುನರ್ಪುಳಿಯ ಕುಲಕ್ಕೆ ಸೇರಿದ, ಈಶಾನ್ಯ ಭಾರತದಲ್ಲಿ ಬೆಳೆಯುವ ಒಂದು ಮರದ ಹಣ್ಣು ಎನ್ನುವವರಿದ್ದಾರೆ, ಹಿಮಾಲಯದ ರೇವಲ್‌ಚಿನ್ನಿಯ ದಂಟು ಎನ್ನುವವರಿದ್ದಾರೆ, ನಮ್ಮ ಚುಕ್ಕೆ ಸೊಪ್ಪೇ ಎನ್ನುವವರೂ ಇದ್ದಾರೆ. ಇಂಥವಕ್ಕೆ ಸಂದಿಗ್ಧ ದ್ರವ್ಯ ಎಂದೇ ಹೆಸರು. ಶ್ಲೋಕ ಉಳಿದಿದೆ, ಗಿಡಗಳೂ ಎಲ್ಲಿಗೂ ಹೋಗಿಲ್ಲ. ಕಳೆದುಹೋದದ್ದು ಶ್ಲೋಕಕ್ಕೂ ಗಿಡಕ್ಕೂ ನಡುವೆ ನಿಂತು, ಇದೇ ಅದು ಎಂದು ಬೆರಳು ತೋರಿಸುತ್ತಿದ್ದ ಮನುಷ್ಯರ ಸಾಲು. ಗ್ರಂಥವನ್ನು ಪಾಠಾಂತರ ಸಮೇತ ಕಾಪಾಡಿದ ನಾವು ದನಗಾಹಿಯ ಬೆರಳನ್ನು ಕಾಪಾಡಲಿಲ್ಲ. ಶಬ್ದವೊಂದೇ ಸಾಕು ಎನ್ನುವ ಶ್ರದ್ಧೆಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಈಗ ಮೊಬೈಲಿನಲ್ಲಿ ಚಿತ್ರ ತೆಗೆದರೆ ಗಿಡದ ಹೆಸರು ಬರುತ್ತದೆ, ಪ್ರಯೋಗಾಲಯದಲ್ಲಿ ಡಿಎನ್‌ಎ ನೋಡಿ ಹೇಳುತ್ತಾರೆ. ಇನ್ನು ಕಾಡಿನವನೂ ಬೇಡ, ಈ ತರ್ಕವೂ ಬೇಡ ಎಂಬುದು ಕೊನೆಯ ಆಕ್ಷೇಪ. ಈ ಸಾಧನಗಳನ್ನು ತಿರಸ್ಕರಿಸುವುದು ಮೂರ್ಖತನ. ಆದರೆ ಮೊಬೈಲಿನ ಉತ್ತರ ಹಿಂದೆ ಯಾರೋ ಗುರುತಿಸಿ ಹೆಸರು ಹಚ್ಚಿದ ಸಾವಿರಾರು ಚಿತ್ರಗಳಿಗೆ ಹೋಲಿಸಿ ಬಂದದ್ದು. ಡಿಎನ್‌ಎಯ ಉತ್ತರವೂ ತಜ್ಞನೊಬ್ಬ ಗುರುತಿಸಿಟ್ಟ ಮಾದರಿಯೊಡನೆ ತಾಳೆ ನೋಡಿ ಬಂದದ್ದು. ಮೂಲದಲ್ಲಿ ಕಾಡಿನವನು ಇದ್ದೇ ಇದ್ದಾನೆ, ಕಾಣಿಸುತ್ತಿಲ್ಲ ಅಷ್ಟೆ. ಕಾಣಿಸದಿರುವುದರಿಂದ ಅವನನ್ನು ತೂಗಲಾಗದು, ಮರುಪ್ರಶ್ನೆ ಕೇಳಲಾಗದು. ಎಲೆಯ ಚಿತ್ರವೊಂದನ್ನೇ ಕೊಟ್ಟರೆ ಕಾಯಿಯ ಉಬ್ಬನ್ನೂ ಮರಳಿನಡಿಯ ಗೆಡ್ಡೆಯನ್ನೂ ಯಂತ್ರ ನೋಡಿರುವುದಿಲ್ಲ. ಆಗ ಅದು ಹೇಳುವ ಹೆಸರು ಊಹೆ. ಆ ಊಹೆಯನ್ನು ಜ್ಞಾನವಾಗಿ ಮಾಡುವ ಕೆಲಸ ಮತ್ತೆ ಬಗ್ಗಿ ನೋಡುವ ಕಣ್ಣಿನದೇ.

ಕಾಡಿನವರು ಮೂಲಿಕೆಗಳ ಹೆಸರು, ರೂಪ ಬಲ್ಲರು ಎಂದ ಚರಕಸಂಹಿತೆ ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತದೆ: ಹೆಸರು ತಿಳಿದ ಮಾತ್ರಕ್ಕೆ, ರೂಪ ತಿಳಿದ ಮಾತ್ರಕ್ಕೆ ಮೂಲಿಕೆಯನ್ನು ಪೂರ್ತಿ ತಿಳಿದಂತಲ್ಲ. ಇದನ್ನು ಕಾಡಿನವರ ಅರಿವನ್ನು ಕೀಳುಗಳೆಯುವ ಮಾತೆಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಗುರುತು ಅರಿವಿನ ಮೊದಲ ಮೆಟ್ಟಿಲು, ಅದನ್ನು ಹತ್ತದೆ ಮುಂದಿನದಕ್ಕೆ ಕಾಲಿಡಲಾಗದು. ಹತ್ತಿದವನು ಅದನ್ನೇ ಅಟ್ಟವೆಂದು ಭಾವಿಸಬಾರದು. ವಾತ್ಸ್ಯಾಯನನ ಮನುಷ್ಯ ಮುದ್ಗಪರ್ಣಿಯನ್ನು ಗುರುತಿಸಿದ್ದು ಹೆಸರಿನ ಪಟ್ಟಿಗೆ ಒಂದು ಸೇರಿಸಲು ಅಲ್ಲ, ರೋಗಿಗೆ ಔಷಧ ತರಲು. ಅವನ ಕೈಯಲ್ಲಿ ಇನ್ನೊಬ್ಬರ ಜೀವವಿತ್ತು. ‘ಇದು ಕನೈಗ್ರೆ’ ಎನ್ನುವ ಎರಡು ಪದದ ಹಿಂದೆಯೂ ಅಷ್ಟೇ ಭಾರವಿದೆ. ಹೇಳಿದವನು ಕಂಡು ಹೇಳಿದನೇ, ಕೇಳಿದವನು ಬಗ್ಗಿ ನೋಡಿದನೇ, ಕಾಯಿ ಬಿಡುವವರೆಗೆ ಕಾಯುವ ತಾಳ್ಮೆ ಇತ್ತೇ ಎಂಬ ಮೂರು ಪ್ರಶ್ನೆಗೂ ಹೌದು ಎಂಬ ಉತ್ತರ ಬಂದರೆ ಅದು ಜ್ಞಾನ. ಬಾರದಿದ್ದರೆ, ಗಿಡ ಇನ್ನೂ ಎಲೆಯಲ್ಲೇ ಇದ್ದರೆ, ಗೊತ್ತಿಲ್ಲ ಎನ್ನುವುದೇ ಸರಿಯಾದ ಉತ್ತರ.